ಡಿಕಾಕ್ಷನ್ನಿನಲ್ಲಿ ಅದ್ದಿದ ಲಗ್ನಪತ್ರಿಕೆ

ಮುನ್ನೂರು ಲಗ್ನಪತ್ರಿಕೆಗಳನ್ನು
ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ
ಸಂತೇಪೇಟೆಯ ತಾರಸಿ ಮೇಲೆ, ಬಟ್ಟೆ ಹಗ್ಗಕ್ಕೆ
ಕ್ಲಿಪ್ಪು ಹಾಕಿ ಒಣಗಲು ಬಿಟ್ಟಿದ್ದೇನೆ.
ಹಳೇದಾಗಬೇಕಂತೆ.
ನಾಳೆ ಸಂಜೆಯೊಳಗೆ ಅರವತ್ತು ವರ್ಷ ಹಳೇದು.

ಕಾಗೆಯೊಂದು ಬಂದು ಕುಕ್ಕಿ
ಮುಹೂರ್ತದ ಗಳಿಗೆಯನ್ನೇ ಕಿತ್ತುಕೊಂಡು ಹೋಯಿತು.
ಇರಲಿ. ಹರಿದದ್ದಕ್ಕೂ ಒಂದು ಅಂದ ಉಂಟು
ಎಂದಿದ್ದಾಳೆ ಮದುಮಗಳು ಮೇಖಲಾ.

ಫೋನಿನಲ್ಲಿ ಅವಳು ತೋರಿಸುವ ಚಿತ್ರಗಳು:
ತಗಡಿನ ಟ್ರಂಕಿನ ಮೇಲೆ ಟ್ರಂಕು,
ಅದರ ಮೇಲೆ ಮುಳ್ಳಿಲ್ಲದ ಗ್ರಾಮಫೋನು,
ಬಾಗಿಲಿಗೆ ಅಡ್ಡ ನಿಂತ ಜಟಕಾ, ಕುದುರೆ ಬೇಡ,
ಮೂಗುಬಟ್ಟಲಿನಷ್ಟು ಸಣ್ಣ ಕನ್ನಡಿಗಳ ಸಾಲು,
ಗೋಲಿ ಸೋಡಾ ಬಾಟಲಿಗೊಂದು ಮಲ್ಲಿಗೆಯ ಎಳೆ.

ನನ್ನ ಗೋಡೌನಿನಲ್ಲಿ ಎಲ್ಲಾ ಇದೆ.
ತಾತ ಏನನ್ನೂ ಎಸೆಯಲಿಲ್ಲ.
ಎಸೆಯಿರಿ ಎಸೆಯಿರಿ ಎಂದು ಅಪ್ಪ ಸೋತ.
ನಾನು ಬಾಡಿಗೆಗೆ ಬಿಟ್ಟೆ.
ಹೋದ ವರ್ಷ ಕಬ್ಬಿಣದ ಕುರ್ಚಿಗಳಿಗೆ ಬಳಿದ ನೀಲಿಯನ್ನು
ಈ ವರ್ಷ ಉಪ್ಪುಕಾಗದ ಹಿಡಿದು ಕೆರೆದಿದ್ದೇನೆ:
ತುಕ್ಕಿಗೆ ಈಗ ರೇಟು ಜಾಸ್ತಿ.
ಪೆಟ್ರೋಮ್ಯಾಕ್ಸಿನ ಹೊಟ್ಟೆಯಲ್ಲಿ ಬ್ಯಾಟರಿ ಬಲ್ಬು.
ಸೀಮೆಎಣ್ಣೆ ಎಂದರೆ ಛತ್ರದವರು ಹೌಹಾರುತ್ತಾರೆ.
ಬುಸ್ಸೆನ್ನದ ಪೆಟ್ರೋಮ್ಯಾಕ್ಸು,
ಹಲ್ಲು ಕಿತ್ತ ಹಾವು.

ನಂಜನಗೂಡು ರಸ್ತೆಯ ಛತ್ರ. ಹಿಂದಿನ ರಾತ್ರಿ.
ಬಣ್ಣದ ಕಾಗದದ ಸರಪಳಿಗೆ ಮೈದಾ ಅಂಟು ಹಚ್ಚುತ್ತಿದ್ದೆ,
ಅಂಗಡಿಯಲ್ಲಿ ಸಿಕ್ಕುವ ಗೋಂದು ಬೇಡ, ವಾಸನೆ ಸರಿಯಿರಬೇಕು.
ಗೋಡೆ ಹಿಡಿದು ಒಳಗೆ ಬಂದರು
ಮೇಖಲಾಳ ಅಜ್ಜಿ ಪುಟ್ಟನಂಜಮ್ಮ.
ಬಾಗಿಲಲ್ಲೇ ನಿಂತರು.

"ಯಾಕಪ್ಪಾ, ಕರೆಂಟು ಹೋಗಿದೆಯಾ?"

ಇಲ್ಲ ಅಜ್ಜಿ, ಹೀಗೇ. ನಿಮ್ಮ ಕಾಲದ ಹಾಗೆ.

"ನಮ್ಮ ಕಾಲದಲ್ಲಿ ಎಲ್ಲಾ ಹೊಸದಿತ್ತು ಕಣಪ್ಪ.
ಪತ್ರಿಕೆ ಮುಟ್ಟಿದರೆ ಬೆರಳಿಗೆ ಮಸಿ ಹತ್ತೋದು.
ಗೋಡೆಗೆ ಒರಗೋ ಹಾಗಿಲ್ಲ, ಸುಣ್ಣ ಇನ್ನೂ ಹಸಿ.
ಹುಲ್ಲಹಳ್ಳಿಗೆ ಆಗ ತಾನೇ ಕರೆಂಟು ಬಂದಿತ್ತು.
ನಮ್ಮಪ್ಪ ಹಟ ಹಿಡಿದು ಇದೇ ಸಂತೇಪೇಟೆಯಿಂದ
ಒಂದು ಟ್ಯೂಬ್‌ಲೈಟು ತರಿಸಿದರು,
ಒಡೆದೀತು ಅಂತ ಬಸ್ಸಲ್ಲಿ ಮಡಿಲಲ್ಲಿಟ್ಟುಕೊಂಡು, ಮಗೂನ ಹಾಗೆ.
ನನ್ನ ಯಾರೂ ನೋಡಲಿಲ್ಲ.
ಊರಿಗೆ ಊರೇ ಅದನ್ನ ನೋಡ್ತಾ ಕೂತಿತ್ತು.
ಇವಳ ತಾತನೂ ಕತ್ತೆತ್ತಿ ಅದನ್ನೇ ನೋಡ್ತಾ
ಎರಡು ಗಂಟಿಗೇ ಕೈ ಬಿಟ್ಟುಬಿಟ್ಟರು.
ಮೂರನೇದಕ್ಕೆ ಐನೋರು ಕೂಗಬೇಕಾಯ್ತು!"

ನಕ್ಕರು. ಕೆಮ್ಮು ಬಂತು. ನೀರು ಕೊಟ್ಟೆ,
ಹಿತ್ತಾಳೆ ಚೊಂಬಲ್ಲಿ. ಅವರು ಸ್ಟೀಲ್ ಲೋಟ ಕೇಳಿದರು.

ಆ ರಾತ್ರಿ ಅಂಗಡಿಗೆ ಬಂದು
ತಾತನ ಬಾಡಿಗೆ ಪುಸ್ತಕಗಳನ್ನು ಕೆಡವಿದೆ.
ಹುಲ್ಲಹಳ್ಳಿ ಸಿಗಲಿಲ್ಲ.
ಆ ವರ್ಷದ ಹಾಳೆಗಳನ್ನು ಹುಳು ಜರಡಿ ಮಾಡಿದೆ.
ಒಂದು ಅಂಚಿನಲ್ಲಿ ಮಾತ್ರ, ತಾತನ ಸೊಟ್ಟ ಅಕ್ಷರ:
ಟ್ಯೂಬ್‌ಲೈಟು ಜೋಪಾನ. ಹುಡುಗನಿಗೆ ಊಟ ಅವರದೇ.

ಬೆಳಿಗ್ಗೆ ಏಣಿ ಹಾಕಿದೆ.
ತೂಗುವ ಮಲ್ಲಿಗೆ ದಂಡೆಗಳ ನಡುವೆ, ಮಂಟಪದ ನೆತ್ತಿಗೆ
ನಮ್ಮ ಬಚ್ಚಲಿನಿಂದ ಬಿಚ್ಚಿ ತಂದ ನಾಲ್ಕಡಿ ಬಿಳಿ.
ಫೋಟೋದವನು ತಲೆ ಚಚ್ಚಿಕೊಂಡ:
ಸಾರ್, ಇಡೀ ಟೋನ್ ಹಾಳಾಯ್ತು, ಆರಿಸಿ.
ಮೇಖಲಾಳ ಮುಖ ನೋಡಿದೆ.
ಅವಳು ಅಜ್ಜಿಯ ಮುಖ ನೋಡಿದಳು.
ಸ್ವಿಚ್ಚಿನ ಮೇಲಿದ್ದ ಬೆರಳು ತೆಗೆದೆ.

ಗಟ್ಟಿಮೇಳ.
ಸ್ಟಾರ್ಟರ್ ಹಳೇದು. ಕಣ್ಣು ಮಿಟುಕಿಸಿ
ಆರಿತು, ಮಿಟುಕಿಸಿತು, ಹೊತ್ತಿತು.
ತಾಳಿ ಹಿಡಿದ ವರ
ಒಂದು ಕ್ಷಣ ಕತ್ತೆತ್ತಿದ.

ಪುಟ್ಟನಂಜಮ್ಮ ತುಕ್ಕು ಕುರ್ಚಿಯಿಂದ ಮುಂದೆ ಬಾಗಿ
ಗಂಟು ಎಣಿಸತೊಡಗಿದರು.