ಹೆಗಲ ಮೇಲಿನ ಸೈಕಲ್ಲು

ಫೋಲ್ಕ್‌ಮಾರ್ ಅಂತ ಅವನ ಹೆಸರು.
ಚಿತ್ರದುರ್ಗದ ಬಾಯಿಗೆ ಸಿಕ್ಕು
ಎರಡೇ ದಿನಕ್ಕೆ ಪಾಲ್‌ಕುಮಾರ ಆಯಿತು.
ಜೋಗಿಮಟ್ಟಿ ಕಡೆ ಗಾಳಿಯಂತ್ರದ ರಿಪೇರಿಗೆ ಬಂದ ಜರ್ಮನಿಯವ,
ಐವತ್ತು ದಾಟಿದವ, ಬಿಸಿಲಿಗೆ ಕೆಂಪಾದ ಕಿವಿ.

'ಬುಡೇನ್ ಸಾಬ್, ಬ್ರೇಕ್ ನೋಡು' ಅಂದ ಡ್ರೈವರ್ ಓಬಳೇಶ.
ನಾನು ಬ್ರೇಕ್ ನೋಡಲಿಲ್ಲ.
ಮೇಲಿನ ಕೊಳವೆಯ ಅಡಿಭಾಗದಲ್ಲಿ
ಗೇಣುದ್ದ ಬಣ್ಣ ಸವೆದು ಲೋಹ ಕಾಣ್ತಿತ್ತು.
ಕೂತು ತುಳಿದರೆ ಅಲ್ಲಿ ಸವೆಯೋದಿಲ್ಲ.
ಮೂವತ್ತು ವರ್ಷದ ಕಸುಬು, ಅಷ್ಟಾದರೂ ಗೊತ್ತು.

ಅವನು ನಕ್ಕ. ಅಂಗಿ ಜಾರಿಸಿ ಬಲಭುಜ ತೋರಿಸಿದ.
ಮಂಡಿಪೇಟೆಯ ಹಮಾಲರಿಗೆ ಇರುವಂಥದ್ದೇ ಜಡ್ಡು.

ಅರ್ಧ ಕತೆ ಓಬಳೇಶ ಹೇಳಿದ, ಅರ್ಧ ಸೈಕಲ್ಲು:
ಚಳಿಗಾಲದ ಭಾನುವಾರ, ಉತ್ತ ಹೊಲದಂಥ ಮೈದಾನ,
ಬೇಕಂತಲೇ ದಾರಿಗಡ್ಡ ನಿಲ್ಲಿಸಿದ ಹಲಗೆ.
ಇಳಿ, ಹೊರು, ಓಡು, ಹತ್ತು, ತುಳಿ, ಮತ್ತೆ ಇಳಿ,
ಒಂದು ಗಂಟೆ.
'ದುಡ್ಡು ಕೊಡ್ತಾರಾ ಇದಕ್ಕೆ?'
'ಪೆಟ್ರೋಲಿಗೆ ಆಗೋವಷ್ಟು' ಅಂದನಂತೆ.

ಹದಿನೇಳು ಚಳಿಗಾಲ.
ದೇಶಕ್ಕೆ ನಾಲ್ಕನೆಯವನು, ಒಂದೇ ಸಲ.
ಲೋಕಕ್ಕೆ ಮೂವತ್ತೊಂದು.
ಅವತ್ತು ಮೂರನೆಯವನ ಬೆನ್ನ ಮೇಲಿದ್ದ ನಂಬರು ಹನ್ನೊಂದು.
ತನ್ನದು ಎಷ್ಟೋ, ಮರೆತಿದ್ದಾನೆ.

ಒಬ್ಬನಿಗೆ ಎರಡು ಸೈಕಲ್ಲು ಬೇಕಂತೆ ಆ ಆಟಕ್ಕೆ.
ಒಂದು ಕೆಸರಲ್ಲಿರುವಾಗ ಇನ್ನೊಂದನ್ನು ತೊಳೀತಿರಬೇಕು.
ತೊಳೆಯುತ್ತಿದ್ದವನು ಅವನಪ್ಪ,
ರಾತ್ರಿಯೆಲ್ಲ ಬೇಕರಿಯ ಒಲೆ ಮುಂದೆ ನಿಂತು
ಬೆಳಿಗ್ಗೆ ಬಕೆಟ್ಟು ಬ್ರಷ್ಷು ಹಿಡಿದು
ಹೆಪ್ಪುಗಟ್ಟುವ ನೀರಿಗೆ ಕೈ ಇಳಿಸಿ.
ಮಗನ ರೇಸನ್ನು ಆತ ಒಮ್ಮೆಯೂ ಪೂರ್ತಿ ನೋಡಲಿಲ್ಲ.
ತಲೆ ತಗ್ಗಿಸಿ ತೊಳೀತಿದ್ದ.
ಬೆರಳ ಗಂಟು ಊದಿ ಅಪ್ಪ ಬ್ರಷ್ ಹಿಡಿಯಲಾರದ ವರ್ಷ
ಮಗನೂ ಬಿಟ್ಟ.
ಬೇರೆ ಕಾರಣ ಹೇಳಲಿಲ್ಲ, ನಾನು ಕೇಳಲಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ, ಹಿಂದಿನ ರಾತ್ರಿ ಜಡಿಮಳೆ.
ಹೊಳಲ್ಕೆರೆ ರೋಡಿನ ತುದಿಯಲ್ಲಿ ಕಂಡ,
ಹೆಗಲ ಮೇಲೆ ಸೈಕಲ್ಲು, ಹಿಂದೆ ನಾಲ್ಕು ಹುಡುಗರು, ಒಂದು ನಾಯಿ.
ಗುಡ್ಡದಾಚೆಯ ಎರೆಹೊಲಕ್ಕೆ ಇಳಿದಿದ್ದನಂತೆ.
ನಮ್ಮ ಎರೆ ಅಂದ್ರೆ ಎರೆ;
ಎತ್ತಿನ ಗಾಡಿಯನ್ನೇ ಬಿಡೋದಿಲ್ಲ, ಇವನನ್ನು ಬಿಡುತ್ತಾ?
ಚಕ್ರ ತಿರುಗದು, ಬ್ರೇಕು ಕಾಣದು,
ಮುಖ ಮಾತ್ರ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿತ್ತು.

ನಲ್ಲಿಗೆ ನೀರು ಬಿಟ್ಟು ಆರು ದಿನ.
ಪಂಚರ್ ನೋಡುವ ಬಾನಿಯಲ್ಲಿ ಅರ್ಧ, ಒಳಗೆ ಎರಡು ಕೊಡ.
ಜೈತುನ್ ನನ್ನ ನೋಡಿದಳು, ಅವನನ್ನು ನೋಡಿದಳು,
ತಾನೇ ಒಂದು ಕೊಡ ತಂದಿಟ್ಟು
'ನಿಧಾನಕ್ಕೆ ಸುರೀರಿ' ಅಂದಳು.

ತೊಳೆದೆ. ಮುರಿದ ಕಡ್ಡಿಯಿಂದ ಚೈನಿನ ಸಂದು ಕೆರೆದೆ,
ಹಳೇ ಬನಿಯನ್ನಿನಿಂದ ಒರೆಸಿದೆ.
ಕತ್ತೆತ್ತಿದಾಗ
ಕಟ್ಟೆಯ ಮೇಲೆ ಕೂತು ನನ್ನ ಕೈಯನ್ನೇ ನೋಡ್ತಿದ್ದ.
ಒಮ್ಮೆ ಗಡಿಯಾರ ನೋಡಿಕೊಂಡ.
ಹಳೇ ಚಾಳಿ. ಇನ್ನೊಂದು ಸುತ್ತು ಮುಗಿಸಿ
ಯಾರೋ ಬರುವ ಹೊತ್ತು.

ಈಗ ಗದಗದ ಕಡೆ ಇದ್ದಾನಂತೆ, ಅಲ್ಲಿ ಗಾಳಿ ಜಾಸ್ತಿಯಂತೆ.
ತೊಳೆದದ್ದಕ್ಕೆ ಮೂವತ್ತು ರೂಪಾಯಿ ಬಾಕಿ.
'ನಾನು ಕೊಡ್ತೀನಿ ಬಿಡು' ಅಂತಾನೆ ಓಬಳೇಶ.
ನೀನ್ಯಾಕೋ ಕೊಡ್ತಿ, ಅಂತ ಬೈದೆ.