ಹೆಪ್ಪು

ಸುಂಟಿಕೊಪ್ಪದ ಕಾಲೇಜಿನ ಲ್ಯಾಬಿನಲ್ಲಿ
ಹದಿನಾಲ್ಕು ಕಂಪ್ಯೂಟರು, ಒಂದೇ ಒಂದು ಲೈನು.
ಅದೂ ಬೋಯಿಕೇರಿಯ ಹತ್ತಿರ ಮರ ಬಿದ್ದರೆ
ಮೂರು ದಿನ ಮೂಕ.

ಸೋಮವಾರ ಬೆಳಗಾದರೆ ಹದಿನಾಲ್ಕೂ ಒಟ್ಟಿಗೆ ಬಾಯಿ ತೆರೆಯುತ್ತಿದ್ದವು
ಅದೇ ಅಪ್‌ಡೇಟಿಗೆ, ಅದೇ ಮುನ್ನೂರು ಎಂಬಿಗೆ.
ಒಂದು ತಂದದ್ದು ಪಕ್ಕದ್ದಕ್ಕೆ ಗೊತ್ತಿಲ್ಲ.
ಹದಿನಾಲ್ಕು ಮನೆಯವರು ಒಂದೊಂದು ಬೆಂಕಿಕಡ್ಡಿಗೆ
ಹದಿನಾಲ್ಕು ಸಲ ಪೇಟೆಗೆ ಇಳಿದ ಹಾಗೆ.

ನಾನು ಎಸ್ಟೇಟಿನ ಲೈನ್‌ಮನೆಯಲ್ಲಿ ಬೆಳೆದವಳು.
ಅಲ್ಲಿ ಯಾರೂ ಹೆಪ್ಪು ಕೊಳ್ಳುತ್ತಿರಲಿಲ್ಲ.
ಮೂರನೇ ಮನೆಯ ಪಾತುಮ್ಮನ ಗಡಿಗೆಯಿಂದ ಒಂದು ಚಮಚ ನಮಗೆ,
ನಮ್ಮದರಿಂದ ಏಳನೇ ಮನೆಗೆ.
ಪಾತುಮ್ಮನ ಮೊಸರು ಕೆಟ್ಟ ದಿನ
ಏಳನೇ ಮನೆಯಿಂದ ತಿರುಗಿ ಅವಳಿಗೇ.
ಮೊದಲು ಯಾರದೆಂದು ಯಾರೂ ಕೇಳಲಿಲ್ಲ.
ಮೂಸಿ ನೋಡುತ್ತಿದ್ದರು, ಅಷ್ಟೆ.

ಏಳನೇ ಕಂಪ್ಯೂಟರನ್ನು ಗಡಿಗೆ ಮಾಡಿದೆ.
ಇಳಿದದ್ದೆಲ್ಲ ಅದರಲ್ಲಿ, ಉಳಿದವು ಅಲ್ಲಿಂದ ತೋಡಿಕೊಳ್ಳಲಿ.
ಕೊಟ್ಟವರು ಯಾರೇ ಇರಲಿ
ಅರವತ್ನಾಲ್ಕು ಅಕ್ಷರದ ವಾಸನೆ ತಾಳೆಯಾದರೆ ಸಾಕು.

ಆದರೆ ಏಳನೆಯದರಲ್ಲಿ ಮೊದಲೇ ಒಬ್ಬ ಬಾಡಿಗೆದಾರನಿದ್ದ.
ಪಳಂಗಪ್ಪ ಮೇಷ್ಟ್ರು ವರ್ಗವಾಗಿ ಹೋಗುವಾಗ
ಆರಿಸದೆ ಬಿಟ್ಟುಹೋದ ಟೊರೆಂಟು.
ಅವನ ಫೋಲ್ಡರಿನಲ್ಲೂ ಅದೇ ಕಡತಗಳು,
ಒಂದೇ ಡಿಸ್ಕಿನಲ್ಲಿ ಅವಳಿ-ಜವಳಿ.
ಜಾಗವಿಲ್ಲ ಎಂದಿತು ಡಿಸ್ಕು.

ಇಬ್ಬರನ್ನೂ ಒಂದೇ ಗಡಿಗೆಯ ಮುಂದೆ ಕೂರಿಸಿದೆ.
ಜಗಳ.
ಪ್ಯಾಕೇಜ್ ಮ್ಯಾನೇಜರು ಎಸ್ಟೇಟಿನ ರೈಟರ್ ಇದ್ದ ಹಾಗೆ:
ಪುಸ್ತಕದಲ್ಲಿಲ್ಲದ್ದು ತೋಟದಲ್ಲೂ ಇರಕೂಡದು.
ಹೊಸದು ಬಂದ ದಿನವೇ ಹಳೆಯದನ್ನು ಗುಡಿಸಿ ಹೊರಗೆ.
ಟೊರೆಂಟು ಮಾತು ಕೊಟ್ಟು ಸಿಕ್ಕಿಬಿದ್ದ ಮನುಷ್ಯ:
ಎಲ್ಲೋ ಯಾರೋ ಕೇಳುತ್ತಿದ್ದಾರೆ, ಇರಲಿ ಬಿಡಿ.

ಹದಿನೈದು ದಿನ ತಲೆ ಕೆರೆದುಕೊಂಡು
ಒಂದೇ ಕಡತಕ್ಕೆ ಎರಡು ಹೆಸರು ಕೊಟ್ಟೆ.
ನಾನೂ ಹಾಜರಿ ಪುಸ್ತಕದಲ್ಲಿ ಜಯಸೆಲ್ವಿ, ಲೈನಿನಲ್ಲಿ ಕುಟ್ಟಿ.
ರೈಟರ್ ಜಯಸೆಲ್ವಿಯ ಹೆಸರು ಹೊಡೆದುಹಾಕಿದರೂ
ಕುಟ್ಟಿ ಎಂದರೆ ತಿರುಗಿ ನೋಡುತ್ತೇನೆ.
ಎರಡೂ ಅಳಿಸಿದ ಮೇಲೆ ತಾನೇ
ಜಾಗ ಖಾಲಿ.

ಆಮೇಲೆ ಕಕ್ಕಡದ ಒಂದು ಸಂಜೆ.
ಪ್ರಿನ್ಸಿಪಾಲರು ಛತ್ರಿ ಬಿಚ್ಚಿ ಹೋಗಿಯಾಗಿತ್ತು.
ಪಟ್ಟಿಯಲ್ಲಿ ಒಬ್ಬರೇ ಉಳಿದಿದ್ದರು.
ಊರಿಲ್ಲ, ಹೆಸರಿಲ್ಲ, ಚುಕ್ಕಿಯಿಟ್ಟ ನಾಲ್ಕು ಅಂಕಿ.
ತೊಂಬತ್ತೇಳರಲ್ಲಿ ನಿಂತಿದ್ದಾರೆ.
ಕೇಳುತ್ತಿರುವುದು ನಾವು ಬಿಟ್ಟು ವರ್ಷ ದಾಟಿದ ಹಳೆಯ ಆವೃತ್ತಿ;
ಯಾವ ಹಳೆಯ ಯಂತ್ರಕ್ಕೋ, ಯಾವ ಶಾಲೆಗೋ.
ಕೊಡುವವರ ಅಂಕಣದಲ್ಲಿ: ಒಂದು.
ಅದು ನಾವೇ.

ಆರೂವರೆಗೆ ಕರೆಂಟು ಹೋಯಿತು.
ಯುಪಿಎಸ್ ಕೀಕ್ ಎಂದಿತು. ನಲವತ್ತು ನಿಮಿಷ,
ಟ್ಯೂಬ್‌ಲೈಟು ಉರಿದರೆ ಇಪ್ಪತ್ತು.

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎನ್ನುತ್ತಿದ್ದಳು ಅಮ್ಮ,
ಮನೆಯ ಲಕ್ಷ್ಮಿ ಚಮಚದಲ್ಲಿ ಹೊರಟುಬಿಡುತ್ತಾಳಂತೆ.
ನಾನು ದೀಪ ಆರಿಸಿದೆ.
ಕತ್ತಲಲ್ಲಿ ಕೂತು ಕೊಟ್ಟೆ.

ತೊಂಬತ್ತೆಂಟು.
ಹೊರಗೆ ಕೊನೆಯ ಬಸ್ಸು ಮಡಿಕೇರಿ ಕಡೆಗೆ ಗೇರು ಬದಲಿಸಿತು, ನನ್ನದೇ ಬಸ್ಸು.
ತೊಂಬತ್ತೊಂಬತ್ತು, ಮೇಲೆ ನಾಲ್ಕು.
ಕೀಕ್ ಕೀಕ್ ಕೀಕ್. ಪರದೆ ಕಪ್ಪಾಯಿತು.

ಬೆಳಗ್ಗೆ ಪಟ್ಟಿ ಖಾಲಿ.
ತುಂಬಿಸಿಕೊಂಡು ಹೋದರೋ, ಬೇಸತ್ತು ಎದ್ದರೋ.
ಚಮಚ ಕೊಟ್ಟವಳು ಮಾರನೇ ದಿನ ಹೋಗಿ
ಮೊಸರಾಯಿತೇ ಎಂದು ಬಾಗಿಲು ತಟ್ಟುವುದಿಲ್ಲ.

ಬಿಕಾಂ ಹುಡುಗರು ಒದ್ದೆ ಚಪ್ಪಲಿ ಹೊರಗೆ ಬಿಟ್ಟು ಬಂದರು.
ಸೋಮವಾರ. ಹದಿಮೂರು ಯಂತ್ರಗಳು
ಏಳನೆಯದರ ಕಡೆ ಬಾಯಿ ತೆರೆದವು.