ಒಗರು

ಕಾಖೇತಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಮೊದಲನೆಯದು.
ಗಾಜಿನ ಕಟ್ಟಡ, ಉಕ್ಕಿನ ಹಂಡೆಗಳ ಸಾಲು,
ಹೆರಿಗೆ ಆಸ್ಪತ್ರೆಯಷ್ಟು ಶುಭ್ರ.
ಟೈ ಕಟ್ಟಿದ ಹುಡುಗ ಬಟ್ಟಲ ಕಾಲು ಹಿಡಿದು ತಿರುಗಿಸಿ,
ಮೂಗು ಇಳಿಸಿ, ಕಣ್ಣು ಮುಚ್ಚಿ ಹೇಳಿದ:
ಚೆರ್ರಿ. ಹೊಗೆಸೊಪ್ಪು. ಹಳೆಯ ಕುದುರೆಯ ಜೀನು.
ಹನ್ನೊಂದು ಮಂದಿ ಪ್ರವಾಸಿಗರು ತಲೆಯಾಡಿಸಿದೆವು
ಜೀನನ್ನು ದಿನಾ ನೆಕ್ಕಿ ಬಲ್ಲವರ ಹಾಗೆ.

ನನಗೆ ಬಂದದ್ದು ಒದ್ದೆ ಬಟ್ಟೆಯಲ್ಲಿ ಒರೆಸಿದ
ಸ್ಲೇಟಿನ ವಾಸನೆ.
ಹೇಳಲಿಲ್ಲ. ಐವತ್ತೆರಡಕ್ಕೆ ಮೊದಲ ಸಲ
ತುಟಿಗೆ ತಾಗಿಸಿಕೊಂಡವಳಿಗೆ
ಅಭಿಪ್ರಾಯ ಯಾಕೆ?
ಮೂಲೆಯ ಬೋಗುಣಿಗೆ, ಯಾರೂ ನೋಡದಂತೆ,
ಕದ್ದು ಉಗುಳಿದೆ.
ಇಲ್ಲಿ ಉಗುಳುವವರೇ ಬಲ್ಲವರು ಎಂದು
ತಿಳಿದದ್ದು ಆಮೇಲೆ.

ಎರಡನೆಯದು ಸರಿಯಾಗಿ ನೆನಪಿಲ್ಲ.
ಬಾಗಿಲಲ್ಲಿ ನವಿಲಿತ್ತು. ಬಿಲ್ಲು ಜಾಸ್ತಿ ಬಂತು.

ಡ್ರೈವರ್ ಜುಂಬರ್ ಕುಡಿಯುವಂತಿಲ್ಲ.
ಹೋದಲ್ಲೆಲ್ಲ ಕುಡಿದಿಟ್ಟ ಬಟ್ಟಲು ಕೇಳಿ ಪಡೆದು
ಒಮ್ಮೆ ಮೂಸಿ ವಾಪಸು ಕೊಡುತ್ತಾನೆ,
ಮಂಗಳಾರತಿಗೆ ಕೈ ಸೋಕಿಸಿ
ಕಣ್ಣಿಗೊತ್ತಿಕೊಂಡಷ್ಟೇ ಚುಟುಕಾಗಿ.
ಮಧ್ಯಾಹ್ನ, ರೊಟ್ಟಿ ಮುರಿಯುತ್ತಾ, ಅವನೇ ಎಂದ:
ಪಟ್ಟಿಯಲ್ಲಿಲ್ಲದ ಮನೆ ಒಂದಿದೆ.
ನನ್ನ ಸೋದರತ್ತೆಯ ಮಗಳದು. ಕಾರು ಅಲ್ಲಾಡುತ್ತೆ, ಪರವಾಗಿಲ್ಲವಾ?

ಅಲ್ಲಿ ಗಾಜಿಲ್ಲ.
ಕೊಟ್ಟಿಗೆಯಂಥ ಕೋಣೆ, ಮಣ್ಣಿನ ನೆಲ,
ನೆಲಕ್ಕೆ ಒಂಬತ್ತು ಬಾಯಿ.
ಕ್ವೆವ್ರಿ ಅಂತಾರೆ ಅವರು. ನಮ್ಮ ಗುಡಾಣವೇ,
ಕುತ್ತಿಗೆಮಟ್ಟ ಹೂತದ್ದು, ಆಳು ಮುಳುಗುವಷ್ಟು.
ಒಂದರೊಳಗಿಂದ ಹೆಂಗಸಿನ ದನಿ ಬರುತ್ತಿತ್ತು,
ಎಡೆಬಿಡದೆ, ರೊಚ್ಚಿನಿಂದ.

ಒಳಗಿಳಿದು ತೊಳೆಯುವವರು ಸುಮ್ಮನಿರಬಾರದು,
ಜುಂಬರ್ ಹೇಳಿದ. ಹುಳಿತ ಗಾಳಿ ತಳದಲ್ಲಿ ನಿಂತಿರುತ್ತದೆ.
ದನಿ ನಿಂತರೆ ಮೇಲಿನವರು ಎಳೆಯಬೇಕು.
ಬೇರೆಯವರು ಹಾಡುತ್ತಾರೆ.
ಇವಳಿಗೆ ಹಾಡು ಬಾರದು. ಬೈಯುತ್ತಾಳೆ.
ಯಾರನ್ನು?
ಈಗ ತನ್ನ ಮಂಡಿಯನ್ನು. ಆಗಲೇ ಮಂತ್ರಿಯದು ಮುಗಿಯಿತು.

ಚೆರ್ರಿ ತೊಗಟೆಯ ಉಜ್ಜುಕ ಮೊದಲು ಬಂತು,
ಹಿಂದೆ ಬಿಳಿ ತಲೆ, ಆಮೇಲೆ ಅವಳು.
ಹೆಸರು ನಾನುಲಿ.
ನನ್ನ ಕಿವಿ ತಂತಾನೆ ಒಡೆದುಕೊಂಡಿತು: ನಾನು, ಉಲಿ.
ಉಲಿಯದಿದ್ದರೆ ಸಾಯುವ ಕೆಲಸದವಳಿಗೆ
ಯಾರಿಟ್ಟರೋ!

ಮಣ್ಣಿನ ಬಟ್ಟಲಲ್ಲಿ ಸುರಿದಳು. ಕೆಂಪಲ್ಲ, ಬಿಳಿಯಲ್ಲ,
ಹಳೆಯ ಜೇನಿನ ಬಣ್ಣ. ಕುಡಿದೆ, ಉಗುಳಲಿಲ್ಲ.
ಕೆನ್ನೆ ಒಳಕ್ಕೆ ಸೇದಿಕೊಂಡಿತು, ನಾಲಿಗೆ
ಬಿಸಿಲಿಗೆ ಹಾಕಿದ ಬಟ್ಟೆಯಾಯಿತು.
ಪೂರ್ತಿ ಮಾಗದ ನೇರಳೆ. ಗೇರುಹಣ್ಣಿನ ರಸ.
ಬಾಯಿಂದ ಬಿದ್ದೇಹೋಯಿತು: ಒಗರು.

ಏನದು?
ಕೆನ್ನೆ ಹಿಂಡಿ ತೋರಿಸಿದೆ.
ಅವಳು ತೊಡೆ ತಟ್ಟಿದಳು: ಮ್ತ್ಸ್‌ಕ್ಲಾರ್ಟೆ!
ಇಷ್ಟೊಂದು ಒತ್ತಕ್ಷರ ಹೊತ್ತು
ನನ್ನ ನಾಲಿಗೆ ಮೂರು ಸಲ ಮುಗ್ಗರಿಸಿತು.
ಅವಳದು 'ಓಗಾರಿ'ಯಿಂದ ಮುಂದಕ್ಕೆ ಬರಲೊಲ್ಲದು.
ಇಬ್ಬರಿಗೂ ಇನ್ನೊಂದು ಬಟ್ಟಲು.

ಮೂಲೆಯ ಗುಡಾಣ ಯಾಕೆ ಖಾಲಿ?
ನಾನು ಹುಟ್ಟಿದ ವರ್ಷ ಅಪ್ಪ ತುಂಬಿ ಮುಚ್ಚಿದ್ದು,
ಮದುವೆಯ ದಿನ ತೆರೆಯಲು.
ಜುಂಬರ್ ಇದನ್ನು ತರ್ಜುಮೆ ಮಾಡುತ್ತಾ ಕೆಮ್ಮಿದ.
ಅವಳು ಕೆಮ್ಮಲಿಲ್ಲ:
ನಲವತ್ತು ತುಂಬಿ ಮೂರು ವಾರಕ್ಕೆ, ಒಂದು ಮಂಗಳವಾರ,
ಹಲ್ಲುನೋವಿತ್ತು. ಹಾರೆ ತಂದೆ, ತೆರೆದೆ.
ಅರ್ಧ ವಿನೆಗರ್ ಆಗಿತ್ತು. ಅದರಲ್ಲಿ
ಬೆಳ್ಳುಳ್ಳಿ ಹಾಕಿದೆ, ಮೂರು ವರ್ಷ ಬಂತು.
ಉಳಿದದ್ದನ್ನು ಬೀದಿಯವರೆಲ್ಲ ಸೇರಿ ಮುಗಿಸಿದೆವು.
ಹಲ್ಲು?
ಕೀಳಿಸಿದೆ, ಬುಧವಾರ.

ಅತಿಥಿ ಬಟ್ಟಲೆತ್ತಿ ಎರಡು ಮಾತಾಡಬೇಕಂತೆ.
ದೇಶಕ್ಕೆ, ಸತ್ತವರಿಗೆ, ಹುಟ್ಟಲಿರುವವರಿಗೆ
ಕುಡಿಯುವುದು ಕ್ರಮ. ಎದ್ದು ನಿಂತೆ. ಬಂದದ್ದು ಒಂದೇ:
ಆ ಮಂಗಳವಾರಕ್ಕೆ.
ತರ್ಜುಮೆ ಬೇಕಾಯಿತೋ ಇಲ್ಲವೋ,
ಅವಳು ನನ್ನ ಬೆನ್ನಿಗೆ ಒಂದು ಬಿಟ್ಟಳು. ಇನ್ನೂ ನೋಯುತ್ತಿದೆ.

ಬೆಳಕಿರುವಾಗಲೇ ಮುಗಿಸಬೇಕು ಎಂದು
ಮತ್ತೆ ಇಳಿದಳು. ಕಾರಿನತ್ತ ಹೊರಟೆವು.
ಜುಂಬರ್ ನನ್ನ ಬಟ್ಟಲನ್ನೊಮ್ಮೆ ಮೂಸಿ
ಕಿಟಕಿಯಲ್ಲಿಟ್ಟು ಬಂದ.
ನೆಲದ ಹೊಟ್ಟೆಯಿಂದ ಬೈಗುಳ ಶುರುವಾಗಿತ್ತು.
ಮಂಡಿಯನ್ನೋ, ಮಂತ್ರಿಯನ್ನೋ, ಮದುವೆಯನ್ನೋ,
ಅರ್ಥವಾಗಲಿಲ್ಲ. ನಡುವೆ ಒಂದು ಮಾತ್ರ
ಗಟ್ಟಿಯಾಗಿ ಕೇಳಿಸಿತು:
ಓಗಾರಿ!